ಒಂದೇ ಕಂಪ್ಯೂಟರ್, ಎರಡು ಓಎಸ್: ವೈರಸ್ ಭಯ ಇದ್ದವರಿಗೆ ಯಾವ ಹಿಸೆ ಸರಿ?

"ಎರಡು ಓಎಸ್ ಹಾಕಿದ್ರೆ ವೈರಸ್ಸೂ ಎರಡು ಪಟ್ಟು ಬರ್ತದಾ?"

ಕುಮಟಾದ ಅಕ್ಕೋರು ಫೋನಿನಲ್ಲಿ ಹೀಗೆ ಕೇಳಿದಾಗ ಮೊದಲು ನಗು ಬಂತು. ಓಎಸ್ ಅಂದರೆ ವಿಂಡೋಸ್, ಲಿನಕ್ಸ್ ಥರ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ನಿವೃತ್ತಿಯಾಗಿ ಬಹಳ ವರ್ಷ ಆಯಿತು ಅವರಿಗೆ. ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ವಿಂಡೋಸ್ 10. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತಾರೆ, ಪೆನ್ಶನ್ ಬಂತಾ ಅಂತ ಬ್ಯಾಂಕ್ ನೋಡುತ್ತಾರೆ, ಮೊಮ್ಮಕ್ಕಳ ಫೋಟೊ ಇಟ್ಟುಕೊಂಡಿದ್ದಾರೆ. ಬೆಂಗಳೂರಿನ ಮಗ "ಲಿನಕ್ಸ್ ಹಾಕ್ಸು ಆಯಿ" ಅಂದಿದ್ದಾನೆ. ವಿಂಡೋಸ್ ಬಿಡಲು ಇವರಿಗೆ ಮನಸ್ಸಿಲ್ಲ.

ಅದೇ ವಾರ ಕಾರವಾರದಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಮೆಸೇಜ್ ಮಾಡಿದ್ದ. ಲ್ಯಾಬ್ ಕೆಲಸಕ್ಕೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಬೇಕು, ಗೇಮಿಗೆ ವಿಂಡೋಸ್ ಬೇಕು. ಒಂದರ ವೈರಸ್ ಇನ್ನೊಂದಕ್ಕೆ ದಾಟುತ್ತದಾ ಅನ್ನುವುದು ಅವನ ಪ್ರಶ್ನೆ. ಮೂರನೆಯವರು ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಭಾವ. ಹಿಂದಿನ ವರ್ಷ ಅವರ ಟ್ಯಾಲಿ (ಲೆಕ್ಕದ ತಂತ್ರಾಂಶ) ಡೇಟಾ, ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿ ಹೋಯಿತು. ಡಿ ಡ್ರೈವಿನಲ್ಲಿದ್ದ ಬ್ಯಾಕಪ್ಪೂ ಹೋಯಿತು. ಹಗಲೂ ರಾತ್ರಿ ಸಿಕ್ಕಿಸಿಯೇ ಇಡುತ್ತಿದ್ದ ಎಕ್ಸ್‌ಟರ್ನಲ್ ಡಿಸ್ಕೂ ಹೋಯಿತು. ಕಾಗದದ ಬಿಲ್ಲು ಹರಡಿಕೊಂಡು ಎರಡು ತಿಂಗಳು ಮರು ಎಂಟ್ರಿ ಹೊಡೆದರು ಪಾಪ. "ಇನ್ನೊಂದು ಓಎಸ್ ಇದ್ದಿದ್ರೆ ಉಳೀತಿತ್ತಾ?" ಅಂತ ಈಗಲೂ ಕೇಳುತ್ತಾರೆ.

ಶಿರಸಿಯಲ್ಲಿ ಕೂತು ಊರವರ ಕಂಪ್ಯೂಟರ್ ಸರಿಮಾಡಿಕೊಡುವವನು ನಾನು. ಮೂವರಿಗೂ ಒಂದೇ ಉತ್ತರ ಕೊಡಲಿಲ್ಲ. ಯಾಕೆ ಬೇರೆ ಬೇರೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಗೋಡೆ ಎಬ್ಬಿಸಿದರೂ ಬಾವಿ ಒಂದೇ

ನಮ್ಮ ಕಡೆ ಮನೆ ಹಿಸೆ ಆಗುವುದನ್ನು ನೋಡಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಅಣ್ಣ ತಮ್ಮ ನಡುವೆ ಗೋಡೆ ಎಬ್ಬಿಸಿಕೊಂಡು ಬೇರೆ ಬೇರೆ ಒಲೆ ಹಚ್ಚುತ್ತಾರೆ. ಆದರೆ ಬಾವಿ ಒಂದೇ, ಅಂಗಳ ಒಂದೇ. ಎಷ್ಟೋ ಮನೆಯಲ್ಲಿ ಹೆಬ್ಬಾಗಿಲೂ ಒಂದೇ. ಡಿಸ್ಕಿನ ಪಾರ್ಟಿಶನ್ ಅಂದರೂ ಹಿಸೆಯೇ ತಾನೇ? ತೊಂದರೆ ಗೋಡೆ ಒಡೆದುಕೊಂಡು ಬರುವುದು ಕಮ್ಮಿ. ಇಬ್ಬರೂ ಹಂಚಿಕೊಂಡ ಜಾಗದಿಂದ ಬರುವುದೇ ಜಾಸ್ತಿ.

ಮೊದಲು ಗೋಡೆ ಎಷ್ಟು ಗಟ್ಟಿ ನೋಡೋಣ. ವಿಂಡೋಸ್‌ಗೆ ಬರೆದ ವೈರಸ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಎರಡರ ಪ್ರೋಗ್ರಾಮ್ ಫೈಲುಗಳ ರಚನೆಯೇ ಬೇರೆ. ಲಿನಕ್ಸ್ ಬಳಸುವ ಎಕ್ಸ್‌ಟ್4 ಪಾರ್ಟಿಶನ್ ವಿಂಡೋಸ್‌ಗೆ ತಾನಾಗಿ ಓದಲಿಕ್ಕೇ ಬರುವುದಿಲ್ಲ. ಹಾಗಾಗಿ ಸಿ, ಡಿ ಅಂತ ಡ್ರೈವುಗಳನ್ನು ಒಂದೊಂದಾಗಿ ಹುಡುಕಿ ಫೈಲಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಸಾಮಾನ್ಯವಾಗಿ ಲಿನಕ್ಸ್ ಪಾಲನ್ನು ಮುಟ್ಟದೆ ಹೋಗುತ್ತದೆ. ಭಾವನ ಪ್ರಶ್ನೆಗೆ ಅರ್ಧ ಉತ್ತರ ಇದು: ಬ್ಯಾಕಪ್ ಲಿನಕ್ಸ್ ಪಾಲಿನಲ್ಲಿ ಇದ್ದಿದ್ದರೆ ಬಹುಶಃ ಉಳಿಯುತ್ತಿತ್ತು.

ಉಳಿದರ್ಧ ಅಷ್ಟು ಸಿಹಿ ಇಲ್ಲ. ಅಡ್ಮಿನ್ ಹಕ್ಕು (ಯಂತ್ರದಲ್ಲಿ ಏನು ಬೇಕಾದರೂ ಮಾಡುವ ಅನುಮತಿ) ಸಿಕ್ಕಿದ ವೈರಸ್‌ಗೆ ಫೈಲ್ ಓದಬೇಕು ಅಂತೇನೂ ಇಲ್ಲ, ಡಿಸ್ಕಿನ ಮೇಲೆ ನೇರವಾಗಿ ಗೀಚಬಹುದು. 2017ರ ಜೂನ್‌ನಲ್ಲಿ ಹರಡಿದ ನಾಟ್‌ಪೆಟ್ಯಾ ಅಂಥದ್ದು. ಹಳೆಯ ಮಾದರಿಯ ಯಂತ್ರಗಳಲ್ಲಿ ಡಿಸ್ಕಿನ ಮೊದಲ ಭಾಗವನ್ನೇ, ಅಂದರೆ ಬೂಟ್ ಆಗುವ (ಕಂಪ್ಯೂಟರ್ ಶುರುವಾಗುವ) ಜಾಗವನ್ನೇ, ತಿದ್ದಿ ಬರೆಯುತ್ತಿತ್ತು. ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ಲೇ ಆ ಹೊಡೆತಕ್ಕೆ ನಿಂತಿತ್ತು. ಅಂಥದ್ದು ಬಂದರೆ ಗೋಡೆಯ ಆಚೆ ಯಾರಿದ್ದಾರೆ ಅಂತ ನೋಡುವುದಿಲ್ಲ.

ಇನ್ನು ಹಂಚಿಕೊಂಡ ಜಾಗಗಳು. ಈಗಿನ ಯಂತ್ರಗಳಲ್ಲಿ ಯುಇಎಫ್‌ಐ, ಅಂದರೆ ಓಎಸ್‌ಗೂ ಮೊದಲು ಎದ್ದು ಯಂತ್ರವನ್ನು ಶುರು ಮಾಡುವ ತಂತ್ರಾಂಶ, ಇರುತ್ತದೆ. ಅದಕ್ಕೆ ಡಿಸ್ಕಿನಲ್ಲಿ ಇಎಫ್‌ಐ ಅನ್ನುವ ಚಿಕ್ಕ ಪಾರ್ಟಿಶನ್ ಬೇಕು. ಎರಡೂ ಓಎಸ್‌ಗಳ ಬೂಟ್ ಫೈಲುಗಳು ಅಲ್ಲೇ ಅಕ್ಕಪಕ್ಕ ಕೂತಿರುತ್ತವೆ. ಹೆಬ್ಬಾಗಿಲು ಇದೇ. 2023ರಲ್ಲಿ ಬಯಲಾದ ಬ್ಲ್ಯಾಕ್‌ಲೋಟಸ್ ಅನ್ನುವ ವೈರಸ್ ಈ ಜಾಗದಲ್ಲೇ ಅಡಗಿ, ನಂಬಿಕಸ್ತ ಬೂಟ್ ಫೈಲನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್‌ನ ಕಾವಲನ್ನೂ ದಾಟಿತ್ತು. ಲಿನಕ್ಸ್‌ಗೂ ಇಂಥದ್ದೊಂದು 2024ರ ನವೆಂಬರ್‌ನಲ್ಲಿ ಸುದ್ದಿಯಾಯಿತು, ಬೂಟ್‌ಕಿಟ್ಟಿ ಅಂತ ಹೆಸರು. ಅದು ಪ್ರಯೋಗದ ಮಟ್ಟದ್ದು. ನಮ್ಮಂಥವರ ಮನೆಗೆ ಇವು ಬರುವುದು ಅಪರೂಪ, ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿದ್ದೆ ಕೆಡಬೇಕಾದದ್ದು ಬಾವಿಯ ವಿಷಯಕ್ಕೆ. ಎರಡೂ ಕಡೆಯಿಂದ ತೆರೆಯುವ ಡಿ ಡ್ರೈವ್, ಪೆನ್‌ಡ್ರೈವ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ವಿಂಡೋಸ್‌ನ ಕ್ರೋಮ್‌ನಲ್ಲೂ ಲಿನಕ್ಸ್‌ನ ಕ್ರೋಮ್‌ನಲ್ಲೂ ಒಂದೇ ಗೂಗಲ್ ಅಕೌಂಟ್, ಪಾಸ್‌ವರ್ಡೆಲ್ಲ ಎರಡೂ ಕಡೆ ಸಿಂಕ್. ವಿಂಡೋಸ್ ಕಡೆ ಪಾಸ್‌ವರ್ಡ್ ಕದಿಯುವ ವೈರಸ್ ಕೂತರೆ, ನೀವು ಲಿನಕ್ಸ್‌ನಲ್ಲಿ ಮಾತ್ರ ಬ್ಯಾಂಕ್ ತೆರೆದಿದ್ದರೂ ಅದಕ್ಕೆ ಬೇಕಾದ್ದು ಸಿಕ್ಕಿಯೇ ಸಿಗುತ್ತದೆ.

ಪೆನ್‌ಡ್ರೈವ್‌ಗೊಂದು ಉದಾಹರಣೆ ಕೊಡುತ್ತೇನೆ. ಭಾವ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಪೆನ್‌ಡ್ರೈವನ್ನು ಮೊದಲು ವಿಂಡೋಸ್‌ನಲ್ಲಿ ನೋಡಿದೆವು. ರಾಶಿ, ಚಾಲಿ, ಬೆಟ್ಟೆ ಅಂತ ಅಡಿಕೆಯ ಬಗೆಗಳ ಹೆಸರಿನ ಮೂರು ಫೋಲ್ಡರ್. ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ಕಣ್ಣು ಹತ್ತಿರ ಒಯ್ದರೆ ಪ್ರತಿಯೊಂದರ ಎಡಗಡೆ ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಅವು ಫೋಲ್ಡರುಗಳಲ್ಲ, ಶಾರ್ಟ್‌ಕಟ್‌ಗಳು. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ. ಅದಕ್ಕೇ ಯಾರಿಗೂ ಸಂಶಯ ಬರುವುದಿಲ್ಲ. ಏನನ್ನೂ ಒತ್ತದೆ ಹೊರತೆಗೆದು ಲಿನಕ್ಸ್ ಯಂತ್ರಕ್ಕೆ ಚುಚ್ಚಿದೆವು. ಬಚ್ಚಿಟ್ಟ ನಿಜವಾದ ಫೋಲ್ಡರುಗಳು ಬಯಲಾಗಿ ನಿಂತಿದ್ದವು, ಪಕ್ಕದಲ್ಲಿ ಒಂದೊಂದೇ ಕೆಬಿಯ ಮೂರು ಶಾರ್ಟ್‌ಕಟ್, ಜೊತೆಗೆ ಯಾರೂ ಹಾಕದ ಒಂದು ಸ್ಕ್ರಿಪ್ಟ್ ಫೈಲು. ನಾಲ್ಕನ್ನೂ ಅಳಿಸಿದೆವು, ಮುಗಿಯಿತು. ಹಾಗಂತ ಲಿನಕ್ಸ್ ವೈರಸ್ಸನ್ನು ಕೊಲ್ಲಲಿಲ್ಲ. ಅಲ್ಲಿ ಅದಕ್ಕೆ ಎಚ್ಚರವೇ ಆಗಲಿಲ್ಲ ಅಷ್ಟೇ. ಅದೇ ಫೈಲನ್ನು ನಾನು ಡಿ ಡ್ರೈವಿಗೆ ಕಾಪಿ ಮಾಡಿಟ್ಟು ಮರುದಿನ ವಿಂಡೋಸ್‌ನಲ್ಲಿ ಒತ್ತಿದ್ದರೆ ಎದ್ದು ಕೂರುತ್ತಿತ್ತು.

ಏನು ನೋಡಿ ಆರಿಸಬೇಕು

ನಾನು ಯಾರಿಗೇ ಹೇಳುವಾಗಲೂ ನಾಲ್ಕು ವಿಷಯ ಕೇಳಿಕೊಳ್ಳುತ್ತೇನೆ. ಎರಡು ಓಎಸ್ ನಡುವೆ ಎಷ್ಟು ಬಾಗಿಲು ಹಂಚಿಕೆಯಾಗಿದೆ? ಏಟು ಬಿದ್ದರೆ ಎಷ್ಟು ಬೇಗ ಎದ್ದು ನಿಲ್ಲಬಹುದು? ಯಂತ್ರಕ್ಕೆ ಅಷ್ಟು ತಾಕತ್ತಿದೆಯಾ, ಜೇಬಿಗೆ ಇದೆಯಾ? ಎರಡೂ ಒಟ್ಟಿಗೇ ತೆರೆದಿರಬೇಕಾ, ಅಥವಾ ಒಂದು ಮುಚ್ಚಿ ಇನ್ನೊಂದು ತೆರೆದರೆ ನಡೆಯುತ್ತದಾ?

ಇದಕ್ಕೂ ಮೊದಲು ಇನ್ನೊಂದು ಕೇಳಬೇಕು: ವಿಂಡೋಸ್ ನಿಜವಾಗಿಯೂ ಯಾವುದಕ್ಕೆ ಬೇಕು? ಟ್ಯಾಲಿಗೆ ಬೇಕು. ಜಿಎಸ್‌ಟಿ, ಟೆಂಡರ್‌ಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ ಹೆಚ್ಚಾಗಿ ವಿಂಡೋಸ್‌ನಲ್ಲೇ ತಕರಾರಿಲ್ಲದೆ ನಡೆಯುತ್ತದೆ. ನುಡಿ ತಂತ್ರಾಂಶಕ್ಕೂ ಬೇಕು. ಆದರೆ ನುಡಿ ಕೀಬೋರ್ಡಿನ ವಿನ್ಯಾಸ ಲಿನಕ್ಸ್‌ನಲ್ಲೂ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ, ಯುನಿಕೋಡ್‌ನಲ್ಲೇ ಟೈಪ್ ಆಗುತ್ತದೆ. ಹಳೇ ನುಡಿ ಫಾಂಟಿನ ಕಡತಗಳನ್ನು ಮಾತ್ರ ಪರಿವರ್ತಿಸಿಕೊಳ್ಳಬೇಕು. ಬೇಕಾಗಿರುವುದು ಬ್ರೌಸರ್, ವಿಡಿಯೊ, ಇಮೇಲ್ ಅಷ್ಟೇ ಆದರೆ ಎರಡು ಓಎಸ್ ಗೊಡವೆಯೇ ಬೇಡ. ಒಂದೇ ಇಟ್ಟುಕೊಳ್ಳಿ.

ಒಂದೇ ಡಿಸ್ಕು, ಎರಡು ಪಾಲು

ಡ್ಯುಯಲ್ ಬೂಟ್ ಅಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಇದು: ಒಂದೇ ಡಿಸ್ಕನ್ನು ಪಾಲು ಮಾಡಿ ಎರಡು ಓಎಸ್ ಹಾಕಿ, ಶುರು ಮಾಡುವಾಗ ಒಂದನ್ನು ಆರಿಸುವುದು. ಖರ್ಚು ಸೊನ್ನೆ. ಯಂತ್ರದ ಪೂರ್ತಿ ವೇಗ ಎರಡಕ್ಕೂ ಸಿಗುತ್ತದೆ. 4 ಜಿಬಿ ರ‍್ಯಾಮಿನ ಯಂತ್ರದಲ್ಲೂ ಹಗುರವಾದ ಲಿನಕ್ಸ್ ಚೆನ್ನಾಗಿ ಓಡುತ್ತದೆ. ಒಂದು ಓಡುವಾಗ ಇನ್ನೊಂದು ಮಲಗಿರುತ್ತದೆ, ಇದೂ ಒಂದು ರಕ್ಷಣೆಯೇ. ವಿಂಡೋಸ್‌ಗೆ ವೈರಸ್ ಹೊಡೆದರೆ ಲಿನಕ್ಸ್‌ಗೆ ಬೂಟ್ ಮಾಡಿ, ಮಲಗಿದ ವಿಂಡೋಸ್ ಪಾಲಿನಿಂದ ಫೋಟೊ, ಲೆಕ್ಕ ಎಲ್ಲ ಹೊರಗೆ ತೆಗೆಯಬಹುದು. ಕ್ಲ್ಯಾಮ್‌ಎವಿ ಅನ್ನುವ ಆಂಟಿವೈರಸ್ ಹಾಕಿಕೊಂಡು ಅಲ್ಲಿಂದಲೇ ಸ್ಕ್ಯಾನ್ ಮಾಡಬಹುದು. ವೈರಸ್ ಓಡುತ್ತಿಲ್ಲವಾದ್ದರಿಂದ ಅದಕ್ಕೆ ಅಡಗಿಕೊಳ್ಳಲು ಆಗುವುದಿಲ್ಲ.

ಆದರೆ ಹಂಚಿಕೆ ಅತಿ ಜಾಸ್ತಿ ಇರುವುದೂ ಇಲ್ಲೇ. ಡಿಸ್ಕು ಒಂದೇ, ಇಎಫ್‌ಐ ಪಾಲು ಒಂದೇ, ಸಾಮಾನ್ಯವಾಗಿ ಡಿ ಡ್ರೈವೂ ಒಂದೇ. ಡಿಸ್ಕೇ ಸತ್ತರೆ ಇಬ್ಬರೂ ಬೀದಿಗೆ. ವೈರಸ್ ತೆಗೆಯಲು ಅಂಗಡಿಗೆ ಕೊಟ್ಟರೆ "ಫುಲ್ ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದೇವೆ" ಅಂತ ಲಿನಕ್ಸನ್ನೂ ಒರೆಸಿ ಕೊಡುವುದುಂಟು. ಅವರ ತಪ್ಪೂ ಅಲ್ಲ ಅನ್ನಿ, ನೀವು ಹೇಳಿರುವುದಿಲ್ಲ. ಇನ್ನೂ ಒಂದು: ಲಿನಕ್ಸ್ ಪಾಲಿಗೆ ಅಕಸ್ಮಾತ್ ಡ್ರೈವ್ ಅಕ್ಷರ ಸಿಕ್ಕಿದರೆ ವಿಂಡೋಸ್ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಬಹುದು. ವೈರಸ್ ಮಾಡದ ಕೆಲಸವನ್ನು ಆ ಒಂದು ಬಟನ್ ಮಾಡುತ್ತದೆ.

ಅಪ್‌ಡೇಟ್‌ಗಳಿಂದಲೂ ಜಗಳ ಬರುತ್ತದೆ. 2024ರ ಆಗಸ್ಟ್‌ನಲ್ಲಿ ವಿಂಡೋಸ್‌ನ ಭದ್ರತಾ ಅಪ್‌ಡೇಟ್ ಒಂದು ಹಳೆಯ ಬೂಟ್ ಫೈಲುಗಳನ್ನು ತಡೆಯಲು ಹೋಗಿ ಎಷ್ಟೋ ಜನರ ಲಿನಕ್ಸ್ ಬೂಟ್ ಆಗದಂತೆ ಮಾಡಿತು. ಕಪ್ಪು ಪರದೆಯಲ್ಲಿ ಭದ್ರತಾ ನೀತಿ ಉಲ್ಲಂಘನೆ ಅನ್ನುವ ಅರ್ಥದ ಇಂಗ್ಲಿಷ್ ಸಾಲು ನೋಡಿದವರು ವೈರಸ್ಸೇ ಬಂತು ಅಂದುಕೊಂಡರೆ ಆಶ್ಚರ್ಯವಿಲ್ಲ. ಆಗ ಹಲವರು ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಕೂತರು. ನನ್ನ ಸಲಹೆ, ಅದನ್ನು ಆನ್ ಇಟ್ಟೇ ಲಿನಕ್ಸ್ ಹಾಕಿ. ಉಬುಂಟು, ಮಿಂಟ್, ಫೆಡೋರಾ ಮೂರೂ ಅದರ ಜೊತೆ ನಡೆಯುತ್ತವೆ. ಹೆಬ್ಬಾಗಿಲಿಗೆ ಇರುವ ಒಂದೇ ಚಿಲಕ ಅದು.

ಈ ದಾರಿ ಹಿಡಿಯುವವರು ಡಿ ಡ್ರೈವ್ ಹಂಚಿಕೊಳ್ಳುವ ಆಸೆ ಬಿಟ್ಟರೆ ಅರ್ಧ ಅಪಾಯ ಕಳೆದಂತೆ. ಲಿನಕ್ಸ್‌ನ ಕಡತ ಲಿನಕ್ಸ್‌ನಲ್ಲೇ ಇರಲಿ. ವಿಂಡೋಸ್‌ನಿಂದ ಏನಾದರೂ ಬೇಕಾದರೆ ಲಿನಕ್ಸ್ ಕಡೆಯಿಂದ ಹೋಗಿ ತೆಗೆದುಕೊಳ್ಳಿ. ಲಿನಕ್ಸ್ ಹಾಕುವಾಗ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಬಂದರೆ ಒಪ್ಪಿಕೊಳ್ಳಿ. ಆ ಕಡೆಯಿಂದ ಬಂದವರು ನಿಮ್ಮ ಕಡತ ಓದದಂತೆ ಅದು ತಡೆಯುತ್ತದೆ. ಅಳಿಸದಂತೆ ತಡೆಯುವುದಿಲ್ಲ, ಅದು ನೆನಪಿರಲಿ.

ಎರಡು ಡಿಸ್ಕು

ಬೇರೆ ಮನೆ ಕಟ್ಟಿಸಿಕೊಂಡ ಹಾಗೆ. ಒಂದು ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಇಎಫ್‌ಐ ಪಾಲೂ ಬೇರೆ ಬೇರೆ. ಕಂಪ್ಯೂಟರ್ ಶುರುವಾಗುವಾಗ ಬೂಟ್ ಮೆನು ತೆರೆದು ಬೇಕಾದ್ದನ್ನು ಆರಿಸುವುದು. ಹೆಚ್ಚಿನ ಯಂತ್ರಗಳಲ್ಲಿ ಅದಕ್ಕೆ ಎಫ್12, ಎಫ್9 ಅಥವಾ ಎಸ್ಕೇಪ್ ಕೀ. ವಿಂಡೋಸ್ ಕೆಟ್ಟರೆ ಆ ಡಿಸ್ಕನ್ನು ಪೂರ್ತಿ ಒರೆಸಿ ಹೊಸದಾಗಿ ಹಾಕಿ, ಲಿನಕ್ಸ್‌ಗೆ ಬಿಸಿ ತಟ್ಟುವುದಿಲ್ಲ. ರಿಪೇರಿಗೆ ಕೊಡುವಾಗ ಲಿನಕ್ಸ್ ಡಿಸ್ಕು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಬಹುದು.

ಒಂದು ಮಾತು ಮಾತ್ರ ಮರೆಯಬೇಡಿ. ಲಿನಕ್ಸ್ ಹಾಕುವ ಮೊದಲು ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಕೆಲವು ಇನ್‌ಸ್ಟಾಲರ್‌ಗಳು ಬೂಟ್ ಫೈಲನ್ನು ಸುಮ್ನೆ ಮೊದಲ ಡಿಸ್ಕಿಗೇ ಹಾಕಿಬಿಡುತ್ತವೆ. ಆಗ ಮನೆ ಎರಡಾದರೂ ಹೆಬ್ಬಾಗಿಲು ಮತ್ತೆ ಒಂದೇ. ಮತ್ತೆ, ವಿಂಡೋಸ್ ಓಡುವಾಗ ಎರಡನೇ ಡಿಸ್ಕಿಗೂ ಕರೆಂಟು ಹೋಗುತ್ತಲೇ ಇರುತ್ತದೆ, ಅಡ್ಮಿನ್ ಹಕ್ಕಿನ ವೈರಸ್ ಅಲ್ಲಿಗೂ ಕೈ ಹಾಕಬಹುದು. ಕೆಲವು ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ನಲ್ಲಿ) ಆ ಡಿಸ್ಕಿನ ಪೋರ್ಟನ್ನೇ ಆಫ್ ಮಾಡುವ ಸೌಲಭ್ಯ ಇದೆ. ಯುಎಸ್‌ಬಿಯ ಎಸ್‌ಎಸ್‌ಡಿ ಆದರೆ ಇನ್ನೂ ಸುಲಭ, ಕಿತ್ತು ಕಿಸೆಗೆ ಹಾಕಿಕೊಳ್ಳುವುದು.

ಡೆಸ್ಕ್‌ಟಾಪ್ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಖರ್ಚು ಒಂದು ಸಣ್ಣ ಎಸ್‌ಎಸ್‌ಡಿಯದ್ದು ಮಾತ್ರ. ಲಿನಕ್ಸ್‌ಗೆ 128 ಜಿಬಿಯೂ ಸಾಕು. ಲ್ಯಾಪ್‌ಟಾಪ್‌ನಲ್ಲಿ ಎರಡನೇ ಸ್ಲಾಟ್ ಇದೆಯಾ ಅಂತ ಮೊದಲು ನೋಡಿ. ಹಳೆಯದಾದರೆ ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಡಿಸ್ಕು ಕೂರಿಸುವ ಕ್ಯಾಡಿ ಸಿಗುತ್ತದೆ.

ಒಂದರೊಳಗೆ ಒಂದು: ವರ್ಚುವಲ್ ಮಷೀನ್

ವರ್ಚುವಲ್‌ಬಾಕ್ಸ್ ಥರದ ಉಚಿತ ತಂತ್ರಾಂಶ ಹಾಕಿದರೆ ಒಂದು ಓಎಸ್ ಒಳಗೆ ಇನ್ನೊಂದನ್ನು ಕಿಟಕಿಯಲ್ಲಿ ಓಡಿಸಬಹುದು. ಎರಡೂ ಒಟ್ಟಿಗೇ ತೆರೆದಿರುತ್ತವೆ. ಪಾರ್ಟಿಶನ್ ಕತ್ತರಿಸುವ ಅಪಾಯ ಇಲ್ಲ. ನನಗೆ ಬಹಳ ಹಿಡಿಸಿದ್ದು ಸ್ನ್ಯಾಪ್‌ಶಾಟ್: ಒಳಗಿನ ಓಎಸ್ ಚೆನ್ನಾಗಿರುವಾಗ ಒಂದು ಪ್ರತಿ ಹಿಡಿದಿಟ್ಟರೆ, ನಾಳೆ ವೈರಸ್ ಬಂದಾಗ ಎರಡು ಕ್ಲಿಕ್ಕಿನಲ್ಲಿ ಹಿಂದಕ್ಕೆ ಹೋಗಬಹುದು. ಸ್ನ್ಯಾಪ್‌ಶಾಟ್ ಆದಮೇಲೆ ಬರೆದ ಲೆಕ್ಕವೂ ಜೊತೆಗೇ ಹೋಗುತ್ತದೆ ಅನ್ನುವುದು ಬೇರೆ ಮಾತು.

ಇಲ್ಲಿ ಯಾರು ಹೊರಗೆ, ಯಾರು ಒಳಗೆ ಅನ್ನುವುದೇ ಮುಖ್ಯ. ಒಳಗಿನದಕ್ಕೆ ಬಂದ ವೈರಸ್ ಹೊರಗೆ ಬರುವುದು ಕಷ್ಟ. ಹೊರಗಿನದಕ್ಕೆ ಬಂದರೆ ಒಳಗಿನದು ಒಂದು ದೊಡ್ಡ ಫೈಲು ಅಷ್ಟೇ. ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕಿ ಹೋಗುತ್ತದೆ. ಹಾಗಾಗಿ "ವಿಂಡೋಸ್‌ನಲ್ಲಿ ವೈರಸ್ ಜಾಸ್ತಿ, ಅದರೊಳಗೆ ಲಿನಕ್ಸ್ ಹಾಕಿ ಬ್ಯಾಂಕ್ ಕೆಲಸ ಮಾಡ್ತೇನೆ" ಅನ್ನುವವರು ಉಲ್ಟಾ ಹೊರಟಿದ್ದಾರೆ. ಹೊರಗಿನ ವಿಂಡೋಸ್‌ನಲ್ಲಿ ಕೂತ ಕೀಲಾಗರ್‌ಗೆ ನೀವು ಒತ್ತುವ ಒಂದೊಂದು ಕೀಯೂ ಕಾಣುತ್ತದೆ. ಅಪಾಯ ಇರುವುದನ್ನು ಒಳಗೆ ಕೂರಿಸಬೇಕು. ಲಿನಕ್ಸ್ ಹೊರಗೆ, ವಿಂಡೋಸ್ ಒಳಗೆ. ಆಗ ವಿಂಡೋಸ್‌ಗೆ ಬೇರೆ ಲೈಸೆನ್ಸ್ ಬೇಕಾಗಬಹುದು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಾವಿ ಇಲ್ಲೂ ಇದೆ. ಶೇರ್ಡ್ ಫೋಲ್ಡರ್ ಮತ್ತು ಶೇರ್ಡ್ ಕ್ಲಿಪ್‌ಬೋರ್ಡ್. ಅನುಕೂಲ ಅಂತ ಎರಡನ್ನೂ ಆನ್ ಮಾಡಿ ಮರೆತುಬಿಡುತ್ತೇವೆ. ಬೇಕಾದಾಗ ಮಾತ್ರ ತೆರೆದು ಮುಚ್ಚಿ.

ಯಂತ್ರದ ತಾಕತ್ತು: 16 ಜಿಬಿ ರ‍್ಯಾಮ್ ಇದ್ದರೆ ಆರಾಮ. 8 ಜಿಬಿಯಲ್ಲಿ ತೆವಳುತ್ತದೆ. 4 ಜಿಬಿಯವರು ಈ ಭಾಗ ಓದಿದ್ದನ್ನೇ ಮರೆತುಬಿಡಿ. ಹೊಸ ಗೇಮ್‌ಗಳೂ ಇದರೊಳಗೆ ನಡೆಯುವುದಿಲ್ಲ ಅಂತಲೇ ತಿಳಿಯಿರಿ.

ಡಬ್ಲ್ಯುಎಸ್‌ಎಲ್ ಮತ್ತು ವೈನ್

ಡಬ್ಲ್ಯುಎಸ್‌ಎಲ್ ಅಂದರೆ ವಿಂಡೋಸ್‌ನವರೇ 2016ರಿಂದ ಕೊಡುತ್ತಿರುವ ಲಿನಕ್ಸ್. ಒಂದು ಸಾಲಿನ ಕಮಾಂಡ್‌ನಲ್ಲಿ ಬಂದು ಕೂರುತ್ತದೆ. ಪ್ರೋಗ್ರಾಮಿಂಗ್ ಕಲಿಯಲು ಅದ್ಭುತ. ವೈರಸ್ ದೃಷ್ಟಿಯಿಂದ ಮಾತ್ರ ಇದು ಹಿಸೆಯೇ ಅಲ್ಲ, ಒಂದೇ ಒಲೆ. ಅಲ್ಲಿಂದ ಸಿ ಡ್ರೈವ್ ಕಾಣುತ್ತದೆ, ವಿಂಡೋಸ್‌ನಿಂದ ಅದರ ಫೈಲುಗಳೂ ಕಾಣುತ್ತವೆ.

ಹಾಗೆಯೇ ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಮ್ ಓಡಿಸುವ ವೈನ್. ಇದು ಬಂದರೆ ವಿಂಡೋಸ್ ವೈರಸ್‌ಗೂ ಓಡಲು ಕಾಲು ಬರುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ವೈನ್ ನಿಮ್ಮ ಲಿನಕ್ಸ್ ಡಿಸ್ಕನ್ನೆಲ್ಲ ಝಡ್ ಡ್ರೈವ್ ಅಂತ ತೋರಿಸುತ್ತದೆ. ಎಲ್ಲೆಲ್ಲಿಂದಲೋ ತಂದ ಎಕ್ಸಿ (ವಿಂಡೋಸ್ ಪ್ರೋಗ್ರಾಮ್) ಫೈಲನ್ನು ಅದರಲ್ಲಿ ಓಡಿಸಬೇಡಿ.

ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್

ಬಡವರ ಹಿಸೆ ಇದು. ಆದರೆ ಹಂಚಿಕೆ ನೋಡಿದರೆ ಎಲ್ಲಕ್ಕಿಂತ ಕಡಿಮೆ. 8 ಅಥವಾ 16 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಬರೆದುಕೊಂಡು ಅದರಿಂದಲೇ ಬೂಟ್ ಮಾಡುವುದು. ಎಲ್ಲ ರ‍್ಯಾಮಿನಲ್ಲೇ ನಡೆಯುತ್ತದೆ, ಆಫ್ ಮಾಡಿದರೆ ಏನೂ ಉಳಿಯುವುದಿಲ್ಲ. ಒಳಗಿನ ಡಿಸ್ಕನ್ನು ನೀವಾಗಿ ತೆರೆಯದಿದ್ದರೆ ಅದು ಮುಟ್ಟುವುದೂ ಇಲ್ಲ. ವಿಂಡೋಸ್‌ನಲ್ಲಿ ಎಂಥ ವೈರಸ್ ಇದ್ದರೂ ಆ ಹೊತ್ತಿಗೆ ಅದು ನಿದ್ದೆಯಲ್ಲಿ.

ತೊಂದರೆ ಏನೆಂದರೆ ನಿಧಾನ. ಪ್ರತಿಸಲ ವೈಫೈ ಪಾಸ್‌ವರ್ಡ್ ಹಾಕಬೇಕು, ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಬೇಕು. ಅಪ್‌ಡೇಟ್ ಉಳಿಯುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲವಾದರೂ ಹೊಸದಾಗಿ ಬರೆದುಕೊಳ್ಳಿ. ದಿನವಿಡೀ ಕೆಲಸಕ್ಕೆ ಆಗುವಂಥದ್ದಲ್ಲ. ತಿಂಗಳಿಗೆ ನಾಲ್ಕು ಸಲ ಬ್ಯಾಂಕ್ ನೋಡಲು, ಅನುಮಾನದ ಪೆನ್‌ಡ್ರೈವ್ ತೆರೆಯಲು, ಸತ್ತ ವಿಂಡೋಸ್‌ನಿಂದ ಫೋಟೊ ತೆಗೆಯಲು ಇದರಷ್ಟು ಒಳ್ಳೆಯದಿಲ್ಲ. ಯಾವ ದಾರಿ ಹಿಡಿದರೂ ಇಂಥದ್ದೊಂದು ಮೇಜಿನ ಖಾನೆಯಲ್ಲಿ ಇರಲಿ.

ವೈರಸ್ ಅಲ್ಲದ ವೈರಸ್‌ಗಳು

ಎರಡು ಓಎಸ್ ಹಾಕಿದವರು "ವೈರಸ್ ಬಂದಿದೆ" ಅಂತ ತರುವ ಯಂತ್ರಗಳಲ್ಲಿ ಬಹಳಷ್ಟಕ್ಕೆ ವೈರಸ್ಸೇ ಇರುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ವಿಂಡೋಸ್ ಐದು ಗಂಟೆ ತೋರಿಸುತ್ತದೆ. ಲಿನಕ್ಸ್ ಯಂತ್ರದ ಗಡಿಯಾರಕ್ಕೆ ಗ್ರೀನ್‌ವಿಚ್ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಅದಕ್ಕೇ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸು ಅಂತ ಹೇಳಿದರೆ ಮುಗಿಯಿತು.

ಇನ್ನೊಂದು, ಲಿನಕ್ಸ್‌ನಿಂದ ಡಿ ಡ್ರೈವಿಗೆ ಏನೂ ಬರೆಯಲು ಆಗದಿರುವುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕಾರಣ. ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗದೆ ಅರ್ಧ ಕಣ್ಣು ಬಿಟ್ಟಿರುತ್ತದೆ, ಲಿನಕ್ಸ್ ಹೆದರಿ ಓದಲು ಮಾತ್ರ ಬಿಡುತ್ತದೆ. ನಾನೇ ಒಮ್ಮೆ ಎಚ್ಚರಿಕೆ ಲೆಕ್ಕಿಸದೆ ಬಲವಂತವಾಗಿ ತೆರೆದು ಬರೆದೆ. ಮರುದಿನ ವಿಂಡೋಸ್ ಡಿಸ್ಕ್ ತಪಾಸಣೆ ಶುರು ಮಾಡಿತು, ಮುಗಿಯುವಾಗ ತಂಗಿಯ ಮದುವೆಯ ಅರ್ಧ ಫೋಟೊ ಇರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಮೊದಲ ದಿನವೇ ಆಫ್ ಮಾಡಿ.

ಯಾರಿಗೆ ಯಾವುದು ಹೇಳಿದೆ

ಕಾರವಾರದ ಹುಡುಗನ ಲ್ಯಾಪ್‌ಟಾಪ್‌ಗೆ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಗೇಮ್ ಬಿಡುವುದಿಲ್ಲ ಅಂದ. ಅವನಿಗೆ ಒಂದೇ ಡಿಸ್ಕಿನ ಎರಡು ಪಾಲೇ ಸರಿ. 100 ಜಿಬಿ ಲಿನಕ್ಸ್‌ಗೆ, ಡಿ ಡ್ರೈವ್ ಹಂಚಿಕೆ ಇಲ್ಲ. ಆದರೆ ಅವನಿಗೆ ಜಾಸ್ತಿ ಹೇಳಿದ್ದು ಬೇರೆಯೇ. ಗೇಮ್‌ನ ಕ್ರ್ಯಾಕ್, ವಿಂಡೋಸ್ ಆಕ್ಟಿವೇಟರ್, ಇವನ್ನೆಲ್ಲ ಹಾಕುವಾಗ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಬರೆದಿರುತ್ತದಲ್ವಾ, ಕಳ್ಳನೇ ಬಂದು ನಾಯಿಯನ್ನು ಕಟ್ಟಿಹಾಕಿ ಅಂದಂತೆ ಅದು. ವಿಂಡೋಸ್ ಜೊತೆ ಬರುವ ಡಿಫೆಂಡರ್ ಅವನಿಗೆ ಸಾಕು, ದುಡ್ಡಿನ ಆಂಟಿವೈರಸ್ ಬೇಡ. ಲಿನಕ್ಸ್ ಕಡೆಯೂ ಕಣ್ಣು ಮುಚ್ಚಿ ಕೂರುವಂತಿಲ್ಲ. ಎಲ್ಲೋ ಸಿಕ್ಕಿದ ಕಮಾಂಡನ್ನು ಸುಡೋ (ಅಡ್ಮಿನ್ ಹಕ್ಕು ಕೊಡುವ ಪದ) ಹಾಕಿ ಅಂಟಿಸಿದರೆ ಯಾವ ಗೋಡೆಯೂ ಕಾಯುವುದಿಲ್ಲ.

ಭಾವನ ಮಂಡಿಯಲ್ಲಿರುವುದು ಡೆಸ್ಕ್‌ಟಾಪ್. ಟ್ಯಾಲಿ, ಡಿಎಸ್‌ಸಿ ಎರಡಕ್ಕೂ ವಿಂಡೋಸ್ ದಿನವೂ ಬೇಕು, ಇಂಟರ್ನೆಟ್ ಕೂಡ. ಬಂದವರ ಪೆನ್‌ಡ್ರೈವ್, ಅಡಿಕೆ ರೇಟಿನ ವಾಟ್ಸಾಪ್ ಫೈಲುಗಳು, ಯೂಟ್ಯೂಬ್, ಎಲ್ಲವೂ ಅದೇ ಯಂತ್ರದಲ್ಲಿ ನಡೆಯುತ್ತಿತ್ತು. ಎರಡನೇ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಕೂರಿಸಿ ಕೊಟ್ಟೆ. ಒಂದು ವಾರ ಬಳಸಿ, "ಪ್ರತಿಸಲ ಬಂದ್ ಮಾಡಿ ಶುರು ಮಾಡೋದು ಯಾರಿಗೆ ಬೇಕೋ" ಅಂದರು. ಗಿರಾಕಿ ಎದುರಿಗೆ ನಿಂತಿರುವಾಗ ರೀಬೂಟ್ ಮಾಡುತ್ತಾ ಕೂರಲು ಆಗುತ್ತದಾ? ಅವರು ಹೇಳಿದ್ದು ಸರಿಯೇ. ಕೊನೆಗೆ ಮನೆಯ ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್‌ಗೆ ಆ ಎಸ್‌ಎಸ್‌ಡಿ ಹಾಕಿ, ಹೊರಗಿನ ಪೆನ್‌ಡ್ರೈವ್, ಇಮೇಲ್ ಎಲ್ಲ ಅದರಲ್ಲಿ ಅಂತ ಮಾಡಿದೆವು. ಟ್ಯಾಲಿ ಯಂತ್ರದಲ್ಲಿ ಟ್ಯಾಲಿ ಮಾತ್ರ. ಬ್ಯಾಕಪ್‌ಗೆ ಎರಡು ಡಿಸ್ಕು: ಒಂದು ದಿನ ಬಿಟ್ಟು ಒಂದು, ಕಾಪಿ ಆದ ಕೂಡಲೇ ಕಿತ್ತು ಕಪಾಟಿಗೆ. ದಿನದಲ್ಲಿ ಹತ್ತು ಸಲ ಆಚೆ ಈಚೆ ಹೋಗಬೇಕಾದವರಿಗೆ ಡ್ಯುಯಲ್ ಬೂಟ್ ಎಷ್ಟೇ ಸುರಕ್ಷಿತವಾದರೂ ನಡೆಯುವುದಿಲ್ಲ. ಮೂರನೇ ವಾರಕ್ಕೆ ಎಲ್ಲವನ್ನೂ ವಿಂಡೋಸ್‌ನಲ್ಲೇ ಮಾಡಲು ಶುರು ಮಾಡುತ್ತಾರೆ.

ಕಂಪನಿಯ ಲ್ಯಾಪ್‌ಟಾಪ್ ತಂದುಕೊಂಡು ತೋಟದ ಮನೆಯಿಂದ ಕೆಲಸ ಮಾಡುವ ಹುಡುಗರು ಈಗ ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರಿಗೆ ಒಂದೇ ಮಾತು: ಆಫೀಸಿನ ಯಂತ್ರದ ಡಿಸ್ಕು ಕತ್ತರಿಸಬೇಡಿ.

ಇನ್ನು ಅಕ್ಕೋರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವರ ಯಂತ್ರದಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ, ವಿಂಡೋಸ್ 11 ಹತ್ತುವುದಿಲ್ಲ. ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಸೇರಿದರೂ ಅದು ಒಂದು ವರ್ಷದ ಮಾತು. ಅಂಥ ಯಂತ್ರಕ್ಕೆ ಒಂದೇ ಡಿಸ್ಕಿನ ಎರಡು ಪಾಲು ಬಹಳ ಚೆನ್ನಾಗಿ ಹೊಂದುತ್ತದೆ. ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯಲ್ಲಿ ಇಂಟರ್ನೆಟ್, ಬ್ಯಾಂಕ್, ಫೋಟೊ. ವಿಂಡೋಸ್ 10ರಲ್ಲಿ ನುಡಿ ಮಾತ್ರ, ವೈಫೈ ಅಡಾಪ್ಟರನ್ನೇ ಡಿಸೇಬಲ್ ಮಾಡಿಟ್ಟೆ. ನೆಟ್ ಇಲ್ಲದ ವಿಂಡೋಸ್‌ಗೆ ವೈರಸ್ ಬರಲು ಉಳಿಯುವುದು ಪೆನ್‌ಡ್ರೈವ್ ಒಂದೇ. ಅದನ್ನು ಮೊದಲು ಲಿನಕ್ಸ್‌ನಲ್ಲಿ ತೆರೆದು ನೋಡುತ್ತಾರೆ. "ಬಾಣ ಇದ್ಯಾ ನೋಡಿ, ಇದ್ರೆ ಮುಟ್ಟಬೇಡಿ" ಅಂತ ಪಕ್ಕದ ಮನೆಯವರಿಗೂ ಪಾಠ ಮಾಡಿದ್ದಾರಂತೆ.

ಹಾಕಲು ಕೂರುವ ಮೊದಲು ಎರಡು ಕೆಲಸ. ಬೇಕಾದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ ಕಿತ್ತಿಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೇ ಬೀಗ ಹಾಕುವ ಸೌಲಭ್ಯ) ಆನ್ ಇದೆಯಾ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಆನ್ ಇರಬಹುದು. ಬೂಟ್ ವ್ಯವಸ್ಥೆ ಬದಲಾದ ಕೂಡಲೇ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ, ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಪಾರ್ಟಿಶನ್ ಕತ್ತರಿಸುವ ಹೊತ್ತಿಗೆ ಕರೆಂಟು ಹೋದರೆ ಎರಡೂ ಪಾಲಿನವರಿಗೆ ಏನೂ ಉಳಿಯದಿರಬಹುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಪೂರ್ತಿ ತುಂಬಿಸಿಕೊಳ್ಳಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಜುಲೈನಲ್ಲಿ ಈ ಕೆಲಸಕ್ಕೆ ಕೂರಲೇಬೇಡಿ, ದೀಪಾವಳಿ ಕಳೆಯಲಿ.